ವೃತ್ತಿ ಬದಲಿಸಿದ ಮೇಲೆ ಮನೆಯಲ್ಲೊಂದು ಕಚೇರಿ: ಅಳತೆಪಟ್ಟಿಯಿಂದ ಆರಂಭಿಸೋಣ

17 ವರ್ಷ ತರಗತಿಯಲ್ಲಿ ನಿಂತು, ಓಡಾಡಿ, ಕಪ್ಪುಹಲಗೆಯ ಮೇಲೆ ಬರೆದು ದುಡಿದ ನಾನು ಯಂತ್ರೋಪಕರಣಗಳ ಕೈಪಿಡಿ ಬರೆಯುವ ಕೆಲಸಕ್ಕೆ ಬಂದಾಗ, ಕೆಲಸ ಶುರುವಾಗುವ ಮೊದಲೇ ಒಂದು ದೊಡ್ಡ ಮೇಜನ್ನು ಮನೆಗೆ ತರಿಸಿದ್ದೆ. ನೋಡಲು ಗಂಭೀರವಾಗಿತ್ತು, ಹೊಸ ವೃತ್ತಿಗೆ ಒಂದು ಘನತೆ ಬಂದಂತೆಯೂ ಅನ್ನಿಸಿತ್ತು. ಮೂರನೆಯ ವಾರ ಮುಗಿಯುವಷ್ಟರಲ್ಲಿ ಬಲಭುಜ ಹಿಡಿದುಕೊಂಡು, ಸಂಜೆಯ ಹೊತ್ತಿಗೆ ಕೈಯೆತ್ತಿ ತಲೆ ಬಾಚಿಕೊಳ್ಳುವುದೂ ಕಷ್ಟವಾಯಿತು. ಇಷ್ಟು ವಯಸ್ಸಾದ ಮೇಲೆ ಈ ಕೆಲಸ ನನಗೆ ಒಗ್ಗುವುದಿಲ್ಲವೇನೋ ಎಂದು ಒಳಗೊಳಗೇ ಅಂಜಿದೆ. ಕೊನೆಗೊಂದು ದಿನ ಅಳತೆಪಟ್ಟಿ ಹಿಡಿದು ನೋಡಿದರೆ, ಕುಳಿತಾಗ ನನ್ನ ಮೊಣಕೈ ನೆಲದಿಂದ 64 ಸೆಂಟಿಮೀಟರ್ ಎತ್ತರದಲ್ಲಿತ್ತು, ಮೇಜು 75ರಲ್ಲಿತ್ತು. ದಿನವಿಡೀ ನಾನು ಹೆಗಲೆತ್ತಿಕೊಂಡೇ ಟೈಪು ಮಾಡುತ್ತಿದ್ದೆ.

ವೃತ್ತಿ ಬದಲಿಸಿದವರು ಮನೆಯಲ್ಲಿ ಕಚೇರಿ ಮಾಡಿಕೊಳ್ಳುವಾಗ ಎಡವುವುದು ಸಾಮಾನ್ಯವಾಗಿ ಇಲ್ಲಿಯೇ. ಹಳೆಯ ಕಚೇರಿಯನ್ನೋ ಚಿತ್ರಗಳಲ್ಲಿ ಕಂಡ ಕಚೇರಿಯನ್ನೋ ನಕಲು ಮಾಡಿ, ಹೊಸ ಕೆಲಸ ಏನನ್ನು ಕೇಳುತ್ತದೆ, ನಮ್ಮ ದೇಹದ ಅಳತೆ ಎಷ್ಟು ಎಂಬುದನ್ನು ಕಟ್ಟಕಡೆಗೆ ನೋಡುತ್ತೇವೆ. ಮುಂದಿನ ಹೆಜ್ಜೆಗಳಲ್ಲಿ ಆ ಕ್ರಮವನ್ನು ತಿರುವಿಹಾಕಿದ್ದೇನೆ.

ಮೊದಲ ಹೆಜ್ಜೆ: ಏನನ್ನೂ ಕೊಳ್ಳದೆ ಎರಡು ವಾರ

ಹೊಸ ಕೆಲಸದ ಮೊದಲ ಎರಡು ವಾರ ಮನೆಯಲ್ಲಿರುವ ಮೇಜು, ಕುರ್ಚಿಗಳಲ್ಲೇ ಕಳೆಯಿರಿ. ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ. ಪ್ರತಿದಿನ ಎಷ್ಟು ಹೊತ್ತು ಟೈಪು ಮಾಡಿದಿರಿ, ಎಷ್ಟು ಹೊತ್ತು ಕಾಗದದಿಂದ ಓದಿದಿರಿ, ಎಷ್ಟು ಕರೆಗಳಲ್ಲಿ ಮಾತನಾಡಬೇಕಾಯಿತು, ಏನನ್ನು ಹುಡುಕಲು ಎಷ್ಟು ಸಲ ಎದ್ದಿರಿ, ದೇಹದ ಯಾವ ಭಾಗ ಯಾವ ಹೊತ್ತಿಗೆ ನೋಯಲು ಶುರುವಾಯಿತು ಎಂಬುದನ್ನು ನಾಲ್ಕೇ ಸಾಲಿನಲ್ಲಿ ಬರೆದಿಡಿ. ಅನುವಾದಕರಿಗೆ ಅಗಲವಾದ ಮೇಜಿಗಿಂತ ಕಾಗದವನ್ನು ಓರೆಯಾಗಿ ನಿಲ್ಲಿಸುವ ಹಲಗೆಯೇ ಹೆಚ್ಚು ಉಪಕಾರಿಯಾಗಬಹುದು. ದಿನದಲ್ಲಿ ಐದು ತಾಸು ಗ್ರಾಹಕರೊಂದಿಗೆ ಮಾತನಾಡುವವರಿಗೆ ಎರಡನೆಯ ಕಂಪ್ಯೂಟರ್ ಪರದೆಗಿಂತ ಮುಚ್ಚಿಕೊಳ್ಳುವ ಬಾಗಿಲು ಮುಖ್ಯವಾಗುತ್ತದೆ. ಇದು ಮೊದಲ ದಿನವೇ ಹೊಳೆಯುವುದಿಲ್ಲ.

ಹಿಂದಿನ ವೃತ್ತಿ ದೇಹಕ್ಕೆ ಕಲಿಸಿದ್ದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವರ್ಷಗಟ್ಟಲೆ ನಿಂತು ಕೆಲಸ ಮಾಡಿದವರ ಸೊಂಟ ಮತ್ತು ತೊಡೆಗಳು ಒಂದೇ ಸಮನೆ ಎಂಟು ತಾಸು ಕುಳಿತಿರಲು ಹೊಂದಿಕೊಂಡಿರುವುದಿಲ್ಲ. ಮೊದಲೇ ಕುಳಿತು ದುಡಿದವರಿಗೆ ಅಭ್ಯಾಸವಿದ್ದರೂ, ಊಟದ ವಿರಾಮ, ಸಭೆ, ಪಕ್ಕದವರೊಡನೆ ಹರಟೆ ಎಂದು ಕಚೇರಿಯಲ್ಲಿ ತಾನಾಗಿ ಆಗುತ್ತಿದ್ದ ಓಡಾಟ ಮನೆಯಲ್ಲಿ ನಿಂತುಹೋಗುತ್ತದೆ.

ಇನ್ನೊಂದು ಮಾತು, ಕೊಂಚ ವೈಯಕ್ತಿಕವಾದದ್ದು. ಹಳೆಯ ವೃತ್ತಿಯ ಕಡತ, ಪುಸ್ತಕ, ಫಲಕಗಳನ್ನು ಹೊಸ ಕೋಣೆಯಲ್ಲಿ ಕಣ್ಣೆದುರಿಗೆ ಇಟ್ಟುಕೊಳ್ಳಬೇಡಿ. ನನ್ನ ಪಾಠಟಿಪ್ಪಣಿಗಳ ಎರಡು ಪೆಟ್ಟಿಗೆಗಳು ಮೇಜಿನ ಕೆಳಗೇ ಇದ್ದವು. ಕಾಲು ಚಾಚಲು ಜಾಗವಿಲ್ಲದೆ ಓರೆಯಾಗಿ ಕೂರುತ್ತಿದ್ದೇನೆಂದು ನನಗೆ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ಆ ಜಾಗದಲ್ಲಿ ಹೊಸ ವಿದ್ಯೆಯನ್ನು ಕಲಿಯಲು ಬೇಕಾದ ಪುಸ್ತಕ, ಟಿಪ್ಪಣಿಗಳಿಗೆ ಒಂದು ಕಪಾಟು ಮಾಡಿ. ಮೊದಲ ವರ್ಷ ಅದಕ್ಕೇ ಹೆಚ್ಚು ಕೆಲಸ.

ಎರಡನೆಯ ಹೆಜ್ಜೆ: ಜಾಗವನ್ನು ಕುಳಿತು ನೋಡುವುದು

ಪ್ರತ್ಯೇಕ ಕೋಣೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಸುಮಾರು 1.2 ಮೀಟರ್ ಅಗಲದ ಗೋಡೆ ಮತ್ತು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಏಳಲು ಒಂದು ಮೀಟರಿನಷ್ಟು ತೆರವು ಸಿಕ್ಕರೂ ಸಾಕಾಗುತ್ತದೆ. ಜಾಗ ಗೊತ್ತುಮಾಡುವ ಮುನ್ನ ಅಲ್ಲಿ ಒಂದು ಕುರ್ಚಿ ಹಾಕಿಕೊಂಡು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅರ್ಧರ್ಧ ತಾಸು ಕುಳಿತು ನೋಡಿ. ಬಿಸಿಲು ಯಾವಾಗ ಮುಖಕ್ಕೆ ಹೊಡೆಯುತ್ತದೆ, ಮನೆಯವರು ಆ ದಾರಿಯಲ್ಲಿ ಎಷ್ಟು ಸಲ ಹಾದುಹೋಗುತ್ತಾರೆ, ಮೊಬೈಲಿನಲ್ಲಿ ವೈಫೈ ಸಂಕೇತ ಎಷ್ಟು ಗೆರೆ ತೋರಿಸುತ್ತದೆ, ಗೋಡೆಯ ಸಾಕೆಟ್ಟು ಎಲ್ಲಿದೆ ಎಂಬುದೆಲ್ಲ ಕುಳಿತಾಗಲೇ ತಿಳಿಯುವುದು.

ಮಲಗುವ ಕೋಣೆಯಲ್ಲೇ ಮೇಜು ಹಾಕಬೇಕಾಗಿ ಬಂದರೆ ಹಾಸಿಗೆ ಬೆನ್ನ ಹಿಂದಿರಲಿ, ಕಣ್ಣೆದುರು ಬೇಡ. ಹಾಸಿಗೆಯ ಮೇಲೆ ಕುಳಿತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಏರ್ಪಾಡನ್ನು ನಾನು ಯಾರಿಗೂ ಹೇಳಲಾರೆ. ಅದರಲ್ಲಿ ಕುತ್ತಿಗೆ, ಸೊಂಟ, ನಿದ್ದೆ ಮೂರೂ ಕೆಡುತ್ತವೆ.

ಮೂರನೆಯ ಹೆಜ್ಜೆ: ಮೊಣಕೈಯಿಂದ ಮೇಜಿಗೆ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ಗಟ್ಟಿಯಾದ ಕುರ್ಚಿಯೊಂದರ ಮೇಲೆ ಪಾದಗಳು ನೆಲಕ್ಕೆ ಪೂರ್ತಿ ತಾಗುವಂತೆ, ತೊಡೆಗಳು ನೆಲಕ್ಕೆ ಸಮಾನಾಂತರವಾಗಿರುವಂತೆ ಕುಳಿತುಕೊಳ್ಳಿ. ಕುರ್ಚಿ ಎತ್ತರವಾದರೆ ಪಾದದಡಿ ಪುಸ್ತಕ ಇಟ್ಟು, ತಗ್ಗಾದರೆ ಮಡಚಿದ ಹೊದಿಕೆಯ ಮೇಲೆ ಕುಳಿತು ಸರಿಪಡಿಸಿಕೊಳ್ಳಿ. ಹೆಗಲನ್ನು ಒಮ್ಮೆ ಕಿವಿಯವರೆಗೆ ಎತ್ತಿ ಹಾಗೆಯೇ ಬಿಟ್ಟುಬಿಡಿ. ಅದು ತಾನಾಗಿ ಬಂದು ನಿಲ್ಲುವ ಜಾಗವೇ ಅದರ ಸಹಜ ಸ್ಥಾನ. ಈಗ ಮೊಣಕೈಯನ್ನು ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಚಿ, ಇನ್ನೊಬ್ಬರಿಂದ ಎರಡು ಅಳತೆ ತೆಗೆಸಿ: ಪಾದದಡಿಯಿಂದ ಮಂಡಿಯ ಹಿಂಭಾಗದ ಮಡಿಕೆಯವರೆಗೆ ಒಂದು, ಕುಳಿತ ಜಾಗದಿಂದ ಮೊಣಕೈಯ ತಳದವರೆಗೆ ಇನ್ನೊಂದು. ಮೊದಲನೆಯದು ಕುರ್ಚಿಯ ಎತ್ತರ. ಎರಡನ್ನೂ ಕೂಡಿಸಿದರೆ ಬರುವುದು ಕೀಲಿಮಣೆ ಇರಬೇಕಾದ ಎತ್ತರ. ಅಳೆಯುವವರು ಒಬ್ಬರಿರಬೇಕು, ತಾನೇ ಬಗ್ಗಿ ಅಳೆದುಕೊಂಡರೆ ಹೆಗಲು ಜಾರಿ ಮೂರು ನಾಲ್ಕು ಸೆಂಟಿಮೀಟರ್ ತಪ್ಪುತ್ತದೆ.

ಸಿದ್ಧ ಮೇಜುಗಳು ಹೆಚ್ಚಾಗಿ 72ರಿಂದ 75 ಸೆಂಟಿಮೀಟರ್ ಎತ್ತರದಲ್ಲಿರುತ್ತವೆ. ಅದು ಎತ್ತರದ ಆಳುಗಳ ಅಳತೆ. 160 ಸೆಂಟಿಮೀಟರ್ ಎತ್ತರದ ವ್ಯಕ್ತಿಗೆ ಮೇಲಿನ ಲೆಕ್ಕ ಸುಮಾರು 62ರಿಂದ 64ಕ್ಕೆ ಬಂದು ನಿಲ್ಲುತ್ತದೆ. ಈ ಅಂತರವನ್ನು ಮುಚ್ಚಲು ಮೂರು ದಾರಿಗಳಿವೆ. ಮರದ ಮೇಜಾದರೆ ಕಾಲುಗಳನ್ನು ಕತ್ತರಿಸಬಹುದು. ನಾನು ಮಾಡಿದ್ದು ಇದನ್ನೇ, ನಾಲ್ಕೂ ಕಾಲುಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಬಡಗಿಯ ಕೈಯಲ್ಲಿ 11 ಸೆಂಟಿಮೀಟರ್ ಕೊಯ್ಯಿಸಿದಾಗ ಆ ಗಂಭೀರ ಮೇಜು ನನ್ನದಾಯಿತು. ಮೇಜಿನ ಹಲಗೆಯ ಕೆಳಗೆ ಜಾರುವ ಕೀಲಿಮಣೆ ತಟ್ಟೆ ಹಾಕಿಸುವುದು ಎರಡನೆಯದು. ತೊಡೆಗೂ ತಟ್ಟೆಗೂ ನಡುವೆ ಜಾಗ ಉಳಿಯುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಮೂರನೆಯದು ಸುಲಭ: ಮೊಣಕೈ ಮೇಜಿನ ಮಟ್ಟಕ್ಕೆ ಬರುವತನಕ ಕುರ್ಚಿಯನ್ನೇ ಏರಿಸಿ, ಎಷ್ಟು ಏರಿಸಿದಿರೋ ಅಷ್ಟೇ ಎತ್ತರದ ಮಣೆಯನ್ನು ಪಾದದಡಿ ಇಡುವುದು. ಪಾದ ತೇಲಾಡುವಂತೆ ಬಿಟ್ಟರೆ ಕುರ್ಚಿಯ ಅಂಚು ತೊಡೆಯನ್ನು ಒತ್ತಿ ಕಾಲು ಜೋಮು ಹಿಡಿಯುತ್ತದೆ.

ಕುರ್ಚಿಯನ್ನು ಅಂತರ್ಜಾಲದ ಚಿತ್ರ ನೋಡಿ ಕೊಳ್ಳಬೇಡಿ. ಅಂಗಡಿಯಲ್ಲಿ ಕನಿಷ್ಠ ಹದಿನೈದು ನಿಮಿಷ ಕುಳಿತು ನೋಡಿ, ಮಾರುವವರು ಮುಖ ಗಂಟಿಕ್ಕಿದರೂ ಏಳಬೇಡಿ. ಬೆನ್ನನ್ನು ಪೂರ್ತಿ ಹಿಂದಕ್ಕೆ ಒರಗಿಸಿದಾಗ ಆಸನದ ಮುಂದಿನ ಅಂಚಿಗೂ ಮಂಡಿಯ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ತೂರುವಷ್ಟು ತೆರವಿರಬೇಕು. ಬೆನ್ನಾಸರೆಯ ಉಬ್ಬು ಸೊಂಟಪಟ್ಟಿ ಕಟ್ಟುವ ಮಟ್ಟದಲ್ಲಿ ತಾಗಬೇಕು. ಕೈಯಾಸರೆಗಳು ಮೇಜಿಗೆ ಬಡಿದು ಕುರ್ಚಿಯನ್ನು ದೂರವೇ ನಿಲ್ಲಿಸುವಂತಿದ್ದರೆ, ಅವಿಲ್ಲದ ಕುರ್ಚಿಯೇ ವಾಸಿ. ಒರಗುವ ಕೋನವನ್ನು ಬದಲಿಸಲು ಬರಲೇಬೇಕು. ನೇರವಾಗಿ ಕೂರಬೇಕೆಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಸಾವಿರ ಸಲ ಹೇಳಿದ್ದೇನೆ. ಆದರೆ ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಚೆಮ್ಸನ್ 1960ರ ದಶಕದಿಂದ ಬೆನ್ನುಮೂಳೆಯ ಬಿಲ್ಲೆಗಳೊಳಗಿನ ಒತ್ತಡವನ್ನು ನೇರವಾಗಿ ಅಳೆದು ತೋರಿಸಿದ ಸಂಗತಿಯೆಂದರೆ, ಆಸರೆಯಿರುವ ಬೆನ್ನನ್ನು ಸ್ವಲ್ಪ ಹಿಂದಕ್ಕೆ ಒರಗಿಸಿದಾಗ ಆ ಒತ್ತಡ ಇಳಿಯುತ್ತದೆ. ಆಸನಕ್ಕೂ ಬೆನ್ನಾಸರೆಗೂ ನಡುವೆ 100ರಿಂದ 110 ಡಿಗ್ರಿ ಕೋನ ಬರುವಷ್ಟು ಒರಗುವಿಕೆ ಹೆಚ್ಚಿನವರಿಗೆ ಹಿತವಾಗಿರುತ್ತದೆ.

ನಿಂತು ಕೆಲಸ ಮಾಡಲು ಬರುವ ಏರಿಳಿತದ ಮೇಜು ನಿಂತೇ ದುಡಿದು ಬಂದವರಿಗೆ ವರವೆನಿಸಬಹುದು. ಆದರೆ ಇಡೀ ದಿನ ನಿಲ್ಲುವುದೂ ಇಡೀ ದಿನ ಕೂರುವಷ್ಟೇ ಕೆಟ್ಟದ್ದು, ಭಂಗಿ ಬದಲಾಗುತ್ತಿರಬೇಕು. ಅಂಥ ಮೇಜು ಇಲ್ಲದವರು ಫೋನಿನ ಮಾತುಗಳನ್ನೆಲ್ಲ ನಿಂತು, ಅಡ್ಡಾಡುತ್ತ ಮುಗಿಸಿದರೂ ಅರ್ಧ ಲಾಭ ಸಿಕ್ಕಿದಂತೆ.

ನಾಲ್ಕನೆಯ ಹೆಜ್ಜೆ: ಪರದೆ

ಲ್ಯಾಪ್‌ಟಾಪಿನ ಮೂಲದೋಷ ಒಂದೇ: ಅದರ ಪರದೆಯೂ ಕೀಲಿಮಣೆಯೂ ಅಂಟಿಕೊಂಡಿವೆ. ಕೈಗೆ ಸರಿಯಾದ ಎತ್ತರದಲ್ಲಿಟ್ಟರೆ ಕುತ್ತಿಗೆ ಬಗ್ಗುತ್ತದೆ, ಕಣ್ಣಿಗೆ ಸರಿಯಾಗಿಟ್ಟರೆ ಹೆಗಲು ಏರುತ್ತದೆ. ದಿನಕ್ಕೆ ಎರಡು ತಾಸಿಗಿಂತ ಹೆಚ್ಚು ಬಳಸುವವರು ಬೇರೆ ಕೀಲಿಮಣೆ ಮತ್ತು ಮೌಸನ್ನು ಜೋಡಿಸಿಕೊಂಡು ಲ್ಯಾಪ್‌ಟಾಪನ್ನು ಎತ್ತರಿಸಲೇಬೇಕು. ಅದಕ್ಕೆ ಸ್ಟ್ಯಾಂಡೇ ಆಗಬೇಕೆಂದಿಲ್ಲ. 15ರಿಂದ 20 ಸೆಂಟಿಮೀಟರ್ ದಪ್ಪದ ಪುಸ್ತಕಗಳ ಅಟ್ಟಿ ಸಾಕು, ಗಾಳಿಯಾಡುವ ತೂತುಗಳು ಮುಚ್ಚದಂತೆ ನೋಡಿಕೊಂಡರಾಯಿತು.

ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲೋ ಅದಕ್ಕಿಂತ ತುಸು ಕೆಳಗೋ ಇರಲಿ. ದೂರ ಸುಮಾರು ಒಂದು ತೋಳಿನಷ್ಟು, ಅಂದರೆ 50ರಿಂದ 75 ಸೆಂಟಿಮೀಟರ್. 27 ಇಂಚಿನ ಪರದೆ ಕೊಳ್ಳುವವರು ಮೇಜಿನ ಆಳ 70 ಸೆಂಟಿಮೀಟರಿಗೆ ಕಡಿಮೆಯಿಲ್ಲವೆಂದು ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಚಿತ್ರಮಂದಿರದ ಮೊದಲ ಸಾಲಿನಲ್ಲಿ ಕುಳಿತಂತಾಗುತ್ತದೆ. ದೂರ ಮತ್ತು ಹತ್ತಿರದ ನೋಟ ಒಂದೇ ಗಾಜಿನಲ್ಲಿರುವ ಕನ್ನಡಕ ಧರಿಸುವವರು ಪರದೆಯನ್ನು ಇನ್ನೂ ತಗ್ಗಿಸಬೇಕು. ಅವರು ಗಾಜಿನ ಕೆಳಭಾಗದಿಂದ ನೋಡಲು ಗದ್ದ ಎತ್ತಿಕೊಳ್ಳುತ್ತಾರೆ, ಕುತ್ತಿಗೆ ನೋವು ಅಲ್ಲಿಂದ ಬರುತ್ತದೆ. ನಡುವಯಸ್ಸಿನಲ್ಲಿ ವೃತ್ತಿ ಬದಲಿಸಿದವರಲ್ಲಿ ಈ ತೊಂದರೆ ಬಹಳ. ಪರದೆಯ ದೂರವನ್ನು ಸೆಂಟಿಮೀಟರಿನಲ್ಲಿ ಬರೆದುಕೊಂಡು ಹೋಗಿ ಕಣ್ಣಿನ ವೈದ್ಯರಿಗೆ ಹೇಳಿದರೆ ಆ ದೂರಕ್ಕೆಂದೇ ಕನ್ನಡಕ ಬರೆದುಕೊಡುತ್ತಾರೆ. ಎರಡು ಪರದೆಗಳಿದ್ದಲ್ಲಿ ಹೆಚ್ಚು ನೋಡುವುದು ನೇರ ಎದುರಿಗೆ, ಇನ್ನೊಂದು ಓರೆಗೆ.

ಪರದೆ ನೋಡುವಾಗ ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಸೂತ್ರ ನೆನಪಿಡಲು ಸುಲಭ. ಮೇಜನ್ನು ಗೋಡೆಗೆ ಮುಖಮಾಡಿ ಹಾಕಿದ್ದರೆ ನೋಡಲು 20 ಅಡಿ ಎಲ್ಲಿಂದ ಬರಬೇಕು? ಜಾಗ ಆರಿಸುವಾಗ ಇದನ್ನೂ ಎಣಿಸಿಕೊಳ್ಳಿ.

ಐದನೆಯ ಹೆಜ್ಜೆ: ಬೆಳಕು ಮತ್ತು ಗಾಳಿ

ಕಿಟಕಿ ಪರದೆಗೆ ಲಂಬವಾಗಿ, ನಿಮ್ಮ ಪಕ್ಕಕ್ಕೆ ಇರುವುದು ಒಳ್ಳೆಯದು. ಎದುರಿಗಿದ್ದರೆ ಕಣ್ಣು ಕೋರೈಸುತ್ತದೆ, ಬೆನ್ನ ಹಿಂದಿದ್ದರೆ ಪರದೆಯಲ್ಲಿ ಪ್ರತಿಫಲಿಸುತ್ತದೆ. ಕೈಯಲ್ಲಿ ಹೆಚ್ಚು ಬರೆಯುವ ಬಲಗೈಯವರಿಗೆ ಬೆಳಕು ಎಡದಿಂದ ಬಂದರೆ ಕೈಯ ನೆರಳು ಬರಹದ ಮೇಲೆ ಬೀಳುವುದಿಲ್ಲ. ಓದುವ, ಬರೆಯುವ ಕಚೇರಿ ಕೆಲಸಕ್ಕೆ ಮೇಜಿನ ಮೇಲೆ 500 ಲಕ್ಸ್ (ಮೇಲ್ಮೈಗೆ ಬೀಳುವ ಬೆಳಕಿನ ಅಳತೆ) ಬೆಳಕಿರಬೇಕೆಂದು ಯುರೋಪಿನ ಬೆಳಕಿನ ಮಾನದಂಡ ಹೇಳುತ್ತದೆ. ಮನೆಯ ನಡುಚಾವಣಿಯ ಒಂಟಿ ದೀಪ ಅಷ್ಟನ್ನು ಕೊಡುವುದು ಅಪರೂಪ, ಅದರ ಜೊತೆಗೆ ನಿಮ್ಮ ತಲೆಯ ನೆರಳೂ ಕಾಗದದ ಮೇಲೆ ಬೀಳುತ್ತದೆ. ಹಾಗಾಗಿ ಬಾಗಿಸಬಲ್ಲ ಮೇಜುದೀಪವೊಂದು ಬೇಕು. ಹಗಲಿನ ಕೆಲಸಕ್ಕೆ 4000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಹಳದಿ) ಬಣ್ಣದ ಬಲ್ಬು, ಸಂಜೆಯ ನಂತರಕ್ಕೆ 2700ರ ಹಳದಿ ಬೆಳಕು ಹೊಂದುತ್ತದೆ.

ಗಾಳಿಯನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೆಕ್ಕ ಹಾಕಿ ನೋಡೋಣ: ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ, 2.8 ಮೀಟರ್ ಎತ್ತರದ ಕೋಣೆಯಲ್ಲಿ ಸುಮಾರು 25,000 ಲೀಟರ್ ಗಾಳಿಯಿರುತ್ತದೆ. ಕುಳಿತು ಕೆಲಸ ಮಾಡುವ ಒಬ್ಬ ವ್ಯಕ್ತಿ ತಾಸಿಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಾನೆ, ಎಂದರೆ ಹತ್ತು ಲಕ್ಷಕ್ಕೆ 700 ಭಾಗದಷ್ಟು ಏರಿಕೆ. ಹೊರಗಿನ ಗಾಳಿಯಲ್ಲಿಯೇ ಅದು 420ಕ್ಕೂ ಮೇಲಿರುವುದರಿಂದ, ಬಾಗಿಲು ಕಿಟಕಿ ಪೂರ್ತಿ ಮುಚ್ಚಿದ ಕೋಣೆಯಲ್ಲಿ ಒಂದು ತಾಸಿನೊಳಗೆ 1000 ದಾಟುತ್ತದೆ. ಗಾಳಿಯಾಟ ಸಾಲದೆಂಬುದಕ್ಕೆ ಆ ಅಂಕಿಯನ್ನು ಬಹುಕಾಲದಿಂದ ಗುರುತಾಗಿ ಬಳಸುತ್ತಾರೆ. ಸಂದುಗಳಿಂದ ಒಂದಿಷ್ಟು ಗಾಳಿ ಬರುವುದು ನಿಜವಾದರೂ, ಮಧ್ಯಾಹ್ನದ ತೂಕಡಿಕೆಗೆ ಹೊಸ ಕೆಲಸವನ್ನು ದೂರುವ ಮೊದಲು ಕಿಟಕಿಯನ್ನು ನಾಲ್ಕು ಬೆರಳು ತೆರೆದು ನೋಡಿ.

ಆರನೆಯ ಹೆಜ್ಜೆ: ಸದ್ದು

ಹೊರಗಿನ ಸದ್ದು ಒಳಬರುವುದು ಬೇರೆ, ಕೋಣೆಯೊಳಗಿನ ಮಾರ್ದನಿ ಬೇರೆ. ದಪ್ಪ ಪರದೆಬಟ್ಟೆ, ನೆಲಹಾಸು, ಪುಸ್ತಕ ತುಂಬಿದ ಕಪಾಟು ಮಾರ್ದನಿಯನ್ನು ಹೀರುತ್ತವೆ. ಗೋಡೆಗೆ ಅಂಟಿಸುವ ಸ್ಪಂಜಿನ ಹಲಗೆಗಳು ಮಾಡುವುದೂ ಅಷ್ಟೇ, ಅವು ಪಕ್ಕದ ಕೋಣೆಯ ಟಿವಿಯನ್ನು ತಡೆಯುವುದಿಲ್ಲ. ಅದನ್ನು ತಡೆಯಬೇಕಾದರೆ ಬಾಗಿಲಿನ ಕೆಳಗಿನ ಸಂದಿಗೆ ರಬ್ಬರಿನ ಪಟ್ಟಿ ಹಾಕಿಸಿ. ಕರೆಗಳಿಗೆ ಬಾಯಿಯ ಹತ್ತಿರ ಮೈಕು ಬರುವ ಹೆಡ್‌ಸೆಟ್ಟು ಕೊಂಡರೆ ದುಬಾರಿ ಮೈಕಿನ ಗೊಡವೆಯೇ ಬೇಡ. ವೀಡಿಯೊ ಕರೆಯಲ್ಲಿ ಮಾತ್ರ ಬೆಳಕು ಎದುರಿನಿಂದ ಬರಬೇಕು; ಮೇಜುದೀಪವನ್ನು ಎದುರುಗೋಡೆಗೆ ತಿರುಗಿಸಿದರೆ ಅಲ್ಲಿಂದ ಮರಳಿ ಬರುವ ಮೆದುಬೆಳಕು ಸಾಕು.

ಏಳನೆಯ ಹೆಜ್ಜೆ: ವಿದ್ಯುತ್ತು, ಸಂಪರ್ಕ, ಕಡತ

ಹಳೆಯ ಕಚೇರಿಯಲ್ಲಿ ಇವನ್ನೆಲ್ಲ ಬೇರೆ ಯಾರೋ ನೋಡಿಕೊಳ್ಳುತ್ತಿದ್ದರು. ಈಗ ಆ ವಿಭಾಗವೂ ನೀವೇ. ಒಂದು ಎಕ್ಸ್‌ಟೆನ್ಶನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಬೇಡಿ, ಹೀಟರಿನಂಥ ಉಪಕರಣಗಳನ್ನು ಗೋಡೆಯ ಸಾಕೆಟ್ಟಿಗೇ ಹಾಕಿ. ವಿದ್ಯುತ್ತು ಹೋದಾಗ ಲ್ಯಾಪ್‌ಟಾಪಿಗೆ ತನ್ನದೇ ಬ್ಯಾಟರಿಯಿದೆ, ಕೈಕೊಡುವುದು ರೂಟರು. ಅದು ಬಳಸುವುದು ಹತ್ತು ಹದಿನೈದು ವ್ಯಾಟಿನಷ್ಟೇ ಆದ್ದರಿಂದ ಅಂಗೈಯಗಲದ ಪುಟ್ಟ ಯುಪಿಎಸ್ ಅದನ್ನು ಕೆಲವು ತಾಸು ನಡೆಸುತ್ತದೆ.

ಉತ್ತಮ ಗುಣಮಟ್ಟದ ಒಂದು ವೀಡಿಯೊ ಕರೆಗೆ ಎರಡೂ ದಿಕ್ಕಿನಲ್ಲಿ 3ರಿಂದ 4 ಎಂಬಿಪಿಎಸ್ ವೇಗ ಸಾಕು. ಸಂಪರ್ಕದ ಒಟ್ಟು ವೇಗ ಚೆನ್ನಾಗಿದ್ದೂ ಕರೆ ಕಡಿದುಹೋಗುತ್ತಿದ್ದರೆ ತೊಡಕು ಹೆಚ್ಚಾಗಿ ವೈಫೈಯಲ್ಲಿರುತ್ತದೆ. ವೈಫೈ ಅಲೆಗಳಲ್ಲಿ 5 ಗಿಗಾಹರ್ಟ್ಸಿನದು ವೇಗವಾದದ್ದು, ಆದರೆ ಗೋಡೆಗಳಿಗೆ ಸೋಲುತ್ತದೆ, 2.4 ಗಿಗಾಹರ್ಟ್ಸಿನದು ದೂರ ಹೋಗುತ್ತದೆ, ಆದರೆ ನೆರೆಮನೆಗಳ ಸಂಕೇತಗಳ ನಡುವೆ ಸಿಕ್ಕಿ ಒದ್ದಾಡುತ್ತದೆ. ಸಾಧ್ಯವಾದರೆ ರೂಟರಿನಿಂದ ಮೇಜಿಗೆ ಒಂದು ಕೇಬಲ್ಲೇ ಎಳೆಸಿ, 100 ಮೀಟರಿನವರೆಗೆ ಅದಕ್ಕೆ ಚಿಂತೆಯಿಲ್ಲ.

ಕಂಪ್ಯೂಟರಿನ ಕಡತಗಳಿಗೆ ಛಾಯಾಗ್ರಾಹಕ ಪೀಟರ್ ಕ್ರೋ ಪ್ರಚಾರಕ್ಕೆ ತಂದ 3-2-1 ನಿಯಮವನ್ನು ಪಾಲಿಸಿ: ಮೂರು ಪ್ರತಿ, ಎರಡು ಬಗೆಯ ಸಂಗ್ರಹ, ಅವುಗಳಲ್ಲಿ ಒಂದು ಮನೆಯಿಂದ ಹೊರಗೆ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಕಡತವನ್ನು ಆ ಪ್ರತಿಗಳಿಂದ ಮರಳಿ ಪಡೆದು ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ನಾನು ಬ್ಯಾಕಪ್ಪೆಂದು ಕರೆಯುವುದಿಲ್ಲ. ಮನೆಯವರೂ ಅದೇ ಕಂಪ್ಯೂಟರ್ ಬಳಸುವುದಾದರೆ ಕೆಲಸಕ್ಕೆ ಬೇರೆ ಖಾತೆ ಮಾಡಿಕೊಳ್ಳಿ.

ಎಂಟನೆಯ ಹೆಜ್ಜೆ: ಕಚೇರಿಯನ್ನು ತೆರೆಯುವುದು, ಮುಚ್ಚುವುದು

ಮನೆಯಲ್ಲಿದ್ದೀರಿ ಎಂದ ಮೇಲೆ ಬಿಡುವಾಗಿದ್ದೀರಿ ಎಂದು ಮನೆಮಂದಿ ತಿಳಿಯುತ್ತಾರೆ. ಹಳೆಯ ಉದ್ಯೋಗ ಬಿಟ್ಟವರ ವಿಷಯದಲ್ಲಿ ಈ ತಿಳಿವಳಿಕೆ ಇನ್ನೂ ಗಟ್ಟಿಯಾಗಿರುತ್ತದೆ. ಜಗಳವಾಡುವ ಬದಲು ಒಂದು ಗುರುತನ್ನು ಒಪ್ಪಿಕೊಳ್ಳಿ: ಬಾಗಿಲು ಪೂರ್ತಿ ಮುಚ್ಚಿದ್ದರೆ ಕರೆಯಲ್ಲಿದ್ದೇನೆ, ಅರ್ಧ ತೆರೆದಿದ್ದರೆ ಕೇಳಬಹುದು. ಬಾಗಿಲೇ ಇಲ್ಲದ ಮೂಲೆಯಾದರೆ ಹೆಡ್‌ಸೆಟ್ಟು ತಲೆಯ ಮೇಲಿರುವುದೇ ಗುರುತಾಗಲಿ.

ಅರ್ಧ ತಾಸಿಗೊಮ್ಮೆ ಏಳುವುದು ನೆನಪಿನ ಮೇಲೆ ನಡೆಯುವ ಕೆಲಸವಲ್ಲ, ಏಳಲೇಬೇಕಾಗುವಂತೆ ಕೋಣೆಯನ್ನು ಜೋಡಿಸಬೇಕು. ನೀರಿನ ಸಣ್ಣ ಲೋಟ ಮಾತ್ರ ಮೇಜಿನ ಮೇಲಿರಲಿ, ಪ್ರಿಂಟರು ಎದುರಿನ ಮೂಲೆಯಲ್ಲಿರಲಿ, ಫೋನು ಚಾರ್ಜಾಗುವುದು ಬಾಗಿಲ ಬಳಿಯಿರಲಿ. ಸಂಜೆ ಕೆಲಸ ಮುಗಿಸುವಾಗ ನಾಳೆಯ ಮೊದಲ ಕೆಲಸವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಲ್ಯಾಪ್‌ಟಾಪ್ ಮುಚ್ಚಿ, ಮೇಜುದೀಪ ಆರಿಸಿ. ಊಟದ ಮೇಜನ್ನೇ ಕಚೇರಿ ಮಾಡಿಕೊಂಡವರು ಎಲ್ಲವನ್ನೂ ಒಂದು ಪೆಟ್ಟಿಗೆಗೆ ತುಂಬಿ ಕಪಾಟಿಗೆ ಸೇರಿಸಬೇಕು.

ಒಂದು ತಿಂಗಳ ನಂತರ

ಮೊದಲ ಎರಡು ವಾರದ ನೋಟ್‌ಬುಕ್ಕನ್ನು ಮತ್ತೆ ತೆಗೆದು ಈಗ ಎಲ್ಲಿ ನೋಯುತ್ತಿದೆಯೆಂದು ಹೋಲಿಸಿ. ಕುತ್ತಿಗೆಯ ಹಿಂಭಾಗವಾದರೆ ಪರದೆ ತಗ್ಗಿದೆ ಅಥವಾ ಕನ್ನಡಕ ಹೊಂದಿಲ್ಲ. ಹೆಗಲಾದರೆ ಮೇಜು ಎತ್ತರ, ಒಂದೇ ಹೆಗಲಾದರೆ ಮೌಸು ದೂರ. ಮಣಿಕಟ್ಟಾದರೆ ಕೀಲಿಮಣೆಯ ಹಿಂದಿನ ಪುಟ್ಟ ಕಾಲುಗಳನ್ನು ಮಡಚಿ ಅದನ್ನು ಚಪ್ಪಟೆಯಾಗಿಡಿ. ಸೊಂಟವಾದರೆ ಬೆನ್ನಾಸರೆಯ ಉಬ್ಬನ್ನು ನೋಡಿ, ತೊಡೆ ಜೋಮು ಹಿಡಿದರೆ ಪಾದದ ಮಣೆಯನ್ನು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮೂರು ದಿನ ಕಾಯ್ದು, ಏನಾಯಿತೆಂದು ಬರೆಯಿರಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದೇ ತಿಳಿಯುವುದಿಲ್ಲ. ಬೆರಳುಗಳ ಜೋಮು ರಾತ್ರಿ ನಿದ್ದೆಯಿಂದ ಎಬ್ಬಿಸುವಂತಿದ್ದರೆ, ಅಥವಾ ಸೊಂಟದ ನೋವು ಕಾಲಿನುದ್ದಕ್ಕೂ ಇಳಿಯುತ್ತಿದ್ದರೆ ಅಳತೆಪಟ್ಟಿಯನ್ನು ಬದಿಗಿಟ್ಟು ವೈದ್ಯರಲ್ಲಿಗೆ ಹೋಗಿ, ಹೋಗುವಾಗ ಆ ನೋಟ್‌ಬುಕ್ಕನ್ನೂ ಕುಳಿತ ಭಂಗಿಯನ್ನು ಪಕ್ಕದಿಂದ ತೆಗೆದ ಒಂದು ಫೋಟೊವನ್ನೂ ಜೊತೆಗೆ ಒಯ್ಯಿರಿ.